ಗುಬ್ಬಚ್ಚಿ ಮೇಡಂಗೆ ಬಂದ ಒಂದು ಕಾಸು

ಊಟದ ಮೇಜಿನಿಂದ,
ಬುಧವಾರ, ಬೆಳಗ್ಗೆ ಹತ್ತೂವರೆ

ನನ್ನ ಮುದ್ದಿನ ಬಾಣಸಿಗಾ,

ಹೇಗಿದ್ದೀಯೋ? ಎಡಗೈ ಸುಟ್ಟ ಗಾಯ ಒಣಗಿತಾ? ಮುಲಾಮು ಹಚ್ಚುತ್ತಿದ್ದೀಯಾ ಅಥವಾ "ಅದೇ ಹೋಗುತ್ತೆ ಬಿಡು" ಅಂತ ಬಟ್ಟೆ ಸುತ್ತಿಕೊಂಡು ಸೌಟು ಹಿಡಿದಿದ್ದೀಯಾ? ಹಡಗು ಓಲಾಡುವಾಗ ಸೂಪಿನ ಪಾತ್ರೆಯನ್ನು ಒಲೆಗೇ ಕಟ್ಟಿಹಾಕುತ್ತೇವೆ ಅಂದಿದ್ದೆ. ನಿನ್ನನ್ನು ಯಾರು ಕಟ್ಟಿಹಾಕುತ್ತಾರೆ ಅನ್ನುವುದೇ ನನಗೆ ಯೋಚನೆ. ಅತ್ತೆ ಚೆನ್ನಾಗಿದ್ದಾರೆ. ಮೊಣಕಾಲು ನೋವು ಹಾಗೇ ಇದೆ, ನಾಲಿಗೆ ಮಾತ್ರ ಭಾರೀ ಚುರುಕು. ನಾನೂ ಚೆನ್ನಾಗಿದ್ದೇನೆ ಎಂದು ಬರೆಯೋಣ ಅಂತಲೇ ಕೂತೆ, ಆದರೆ ಮದುವೆಯಾಗಿ ಐದು ತಿಂಗಳಿಗೇ ಗಂಡನಿಗೆ ಸುಳ್ಳು ಬರೆಯುವುದು ಬೇಡ. ನಾನು ಚೆನ್ನಾಗಿಲ್ಲ. ಸೋಮವಾರದಿಂದ ಒಂದೇ ಬಾಗಿಲಿಗೆ ಮೂರು ಮೂರು ಸಲ ಚಿಲಕ ನೋಡುತ್ತಿದ್ದೇನೆ.

ಮೇಲ್ ಬಿಟ್ಟು ಕಾಗದ ಯಾಕೆ ಎಂದು ಆಶ್ಚರ್ಯವಾಗುತ್ತಿರಬೇಕು. ಕಾರಣ ಹೇಳುತ್ತೇನೆ. ಶಾಲೆಯಲ್ಲಿ ಕನ್ನಡವನ್ನು ಪಾಸಾಗುವಷ್ಟೇ ಓದಿದವಳು ನಾನು, ಒತ್ತಕ್ಷರ ತಪ್ಪಿದರೆ ನಗಬೇಡ. ಉದ್ದದ ಮೇಲ್ ಎಲ್ಲ ನಿನಗೆ ಇಂಗ್ಲಿಷಿನಲ್ಲೇ ಬರೆಯುತ್ತಿದ್ದೆ, ಆದರೆ ಹೆದರಿಕೆಯಾದಾಗ ನನಗೆ ಇಂಗ್ಲಿಷ್ ಬರುವುದೇ ಇಲ್ಲ, ಅದು ನನಗೂ ಈಗಲೇ ಗೊತ್ತಾಗಿದ್ದು!

ನೀನು ಕಳಿಸುವ ಆ ಒಂದೊಂದು ಕಾಸು ನನಗೆ ಏನು ಎಂದು ನಿನಗೆ ಗೊತ್ತಲ್ಲ. ಹಡಗಿನಲ್ಲಿ ಸಿಗ್ನಲ್ ಸಿಗುವ ಆ ಎರಡು ನಿಮಿಷದಲ್ಲಿ ಪಾವತಿ ಖಾತೆಯಿಂದ ನನಗೆ ಒಂದೇ ಒಂದು ಕಾಸು, ಅದರ ಜೊತೆ ಟಿಪ್ಪಣಿಯಲ್ಲಿ ಅವತ್ತಿನ ಅಡುಗೆ. "ಆಲೂಗಡ್ಡೆ ತಳ ಹಿಡೀತು, ಕ್ಯಾಪ್ಟನ್ ಹೊಗಳಿದ." "ಈರುಳ್ಳಿ ಮುಗೀತು, ಅಳೋಕೆ ನೆಪ ಇಲ್ಲ." ಜನ ಪಾವತಿ ಕಂಪನಿಯ ಮೇಲ್ ಬಂದರೆ ಯಾವ ಬಾಕಿಯೋ ಎಂದು ಮುಖ ಗಂಟಿಕ್ಕುತ್ತಾರೆ. ನಾನು ಕೈ ಒರೆಸಿಕೊಂಡು ಓಡಿ ಬರುತ್ತೇನೆ. ಅದು ನನ್ನ ಪ್ರೇಮಪತ್ರ ಕಣೋ! ಸೋಮವಾರ ಬೆಳಗ್ಗೆಯೂ ಹಾಗೇ ಓಡಿ ಬಂದೆ. ಅದೇ ನೀಲಿ ಗುರುತು, ಅದೇ ಅಕ್ಷರ. "ನಿಮಗೆ ಬಂದಿರುವ ಹಣ ತಡೆಹಿಡಿಯಲಾಗಿದೆ, ಒಂದು ಗಂಟೆಯೊಳಗೆ ದೃಢಪಡಿಸದಿದ್ದರೆ ಕಳಿಸಿದವರಿಗೆ ವಾಪಸ್." ವಾಪಸ್ ಅಂದರೆ ನಿನ್ನ ಟಿಪ್ಪಣಿ ನಾನು ಓದದೇ ಸಮುದ್ರಕ್ಕೆ ಹಿಂದಿರುಗುತ್ತದೆ ಅಂತಲೇ ತಿಳಿದೆ. ಒತ್ತಿದೆ. ಪಾಸ್‌ವರ್ಡ್ ಕೇಳಿತು, ಕೊಟ್ಟೆ. ಮೇಲ್‌ನ ಪಾಸ್‌ವರ್ಡ್ ಕೇಳಿತು, ಅದನ್ನೂ ಕೊಟ್ಟೆ. ಕಾರ್ಡಿನ ನಂಬರ್ ಕೇಳಿತು. ಬೀರುವಿನಿಂದ ಕಾರ್ಡ್ ತರಲು ಎದ್ದೆ.

ಅತ್ತೆ ಬಟಾಣಿ ಬಿಡಿಸುತ್ತಿದ್ದರು. ತಲೆ ಎತ್ತದೆ, "ಯಾರಮ್ಮಾ ಕೇಳಿದ್ದು?" ಅಂದರು. ಕಂಪನಿಯವರು ಅಂದೆ. "ಕಂಪನಿಯವರು ಅಂತ ಯಾರು ಹೇಳಿದ್ರು?" ಕಂಪನಿಯವರೇ ಅಂದೆ. ಅವರ ಕೈಯಲ್ಲಿದ್ದ ಬಟಾಣಿ ಹಾಗೇ ನಿಂತಿತು.

ನಿನ್ನ ಅಮ್ಮ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತವರು ಎಂದು ನೀನು ಹೇಳಿದಾಗ ನಾನು ಬರೀ ತಲೆಯಾಡಿಸಿದ್ದೆ. ಆಗೆಲ್ಲ ಯಾರಾದರೂ ದೊಡ್ಡ ಸಾಹೇಬರ ಹೆಸರು ಹೇಳಿ ಬೇಗ ಲೈನ್ ಕೊಡು ಎಂದು ಗದರಿಸಿದರೆ ಇವರು ಕರೆ ಕತ್ತರಿಸಿ, ಪುಸ್ತಕದಲ್ಲಿ ಸಾಹೇಬರ ನಂಬರ್ ನೋಡಿ ತಾವೇ ಕರೆ ಮಾಡಿ ಕೇಳುತ್ತಿದ್ದರಂತೆ. "ನಿಜವಾದ ಸಾಹೇಬ್ರು ಒಬ್ರೂ ಬೈಲಿಲ್ಲ. ಬೈದೋರೆಲ್ಲ ಕಳ್ರೇ," ಅಂದರು. ಆಮೇಲೆ ಇಬ್ಬರೂ ಆ ಮೇಲನ್ನು ಮತ್ತೆ ನೋಡಿದೆವು, ಅವರು ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಹಾಕಿಕೊಂಡು. ಕಳಿಸಿದವರ ಹೆಸರು ಕಂಪನಿಯದೇ, ಅದರ ಕೆಳಗಿದ್ದ ವಿಳಾಸ ಮಾತ್ರ ತಲೆಬುಡವಿಲ್ಲದ್ದು. ಒತ್ತಬೇಕಾದ ಜಾಗದ ಮೇಲೆ ಮೌಸಿನ ಬಾಣ ಇಟ್ಟರೆ ಮೂಲೆಯಲ್ಲಿ ಕಾಣುವ ವಿಳಾಸ ಇನ್ನೂ ಬೇರೆ. ಎಲ್ಲಕ್ಕಿಂತ ಮೇಲೆ, "ಪ್ರಿಯ ಗ್ರಾಹಕರೇ" ಎಂದಿತ್ತು. ಹಡಗು ಹತ್ತುವ ಹಿಂದಿನ ವಾರ ಇದೇ ಮೇಜಿನ ಮೇಲೆ ನನ್ನ ಖಾತೆ ತೆರೆಯುವಾಗ ಹೆಸರಿನ ಜಾಗದಲ್ಲಿ "ಗುಬ್ಬಚ್ಚಿ ಮೇಡಂ" ಎಂದು ಹಾಕಿ ನನ್ನಿಂದ ಪೆಟ್ಟು ತಿಂದೆಯಲ್ಲ. ಅವತ್ತಿನಿಂದ ಕಂಪನಿ ನನಗೆ ಗಂಭೀರವಾಗಿ "ನಮಸ್ಕಾರ ಗುಬ್ಬಚ್ಚಿ ಮೇಡಂ" ಎಂದೇ ಬರೆಯುತ್ತದೆ. ನನ್ನನ್ನು ಗ್ರಾಹಕಿ ಎಂದು ಕರೆದವರು ನಮ್ಮವರಲ್ಲ ಎಂದು ಮೊದಲ ಸಾಲಿನಲ್ಲೇ ಗೊತ್ತಾಗಬೇಕಿತ್ತು. ಆದರೆ ನಾನು ಮೊದಲ ಸಾಲು ಓದುವುದೇ ಇಲ್ಲ, ನಿನ್ನ ಟಿಪ್ಪಣಿಗೆ ಹಾರುತ್ತೇನೆ.

ಕಂಪನಿಯ ವಿಳಾಸವನ್ನು ನಾನೇ ಟೈಪ್ ಮಾಡಿ ಒಳಗೆ ಹೋಗಿ, ಅಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ನಲವತ್ತು ನಿಮಿಷ ಹಾಡು ಕೇಳಿಸಿದರು. ಕೊನೆಗೊಬ್ಬ ಹುಡುಗಿ ಸಿಕ್ಕಿ ನನ್ನ ಖಾತೆಗೆ ಬೀಗ ಹಾಕಿದಳು. ನೀನು ಊರಿಗೆ ಬಂದ ಮೇಲೆ ಕೊಳ್ಳಬೇಕೆಂದಿರುವ ನಮ್ಮ ಬ್ರೆಡ್ ಒಲೆಗೆಂದು ಕೂಡಿಟ್ಟದ್ದು ಇದ್ದಲ್ಲೇ ಇದೆ, ಗಾಬರಿಯಾಗಬೇಡ. ತನಿಖೆ ಮುಗಿಯುವ ತನಕ, ಅಂದರೆ ಹತ್ತು ದಿನ, ಖಾತೆಯೊಳಗೆ ನನಗೂ ಪ್ರವೇಶವಿಲ್ಲ. ಮೇಲ್‌ನ ಪಾಸ್‌ವರ್ಡ್ ಕೂಡ ಬದಲಾಯಿಸಿದೆ. ಆದರೆ ಯಾರು ಯಾವಾಗ ಮೇಲ್ ತೆರೆದರು ಎಂದು ತೋರಿಸುವ ಒಂದು ಪಟ್ಟಿ ಇರುತ್ತದೆ, ಅದನ್ನು ನೋಡಿದವಳೇ ಅತ್ತೆಯ ಕೈ ಹಿಡಿದುಕೊಂಡೆ. ಗೊತ್ತಿಲ್ಲದ ಒಂದು ಕಂಪ್ಯೂಟರ್ ನನ್ನ ಮೇಲ್ ಒಳಗೆ ಇಪ್ಪತ್ತೈದು ನಿಮಿಷ ಕೂತಿತ್ತು. ಇಪ್ಪತ್ತೈದು ನಿಮಿಷ ಕಣೋ. ನಿನ್ನ ಎಲ್ಲ ಟಿಪ್ಪಣಿ ಓದಲು ನನಗೆ ಅಷ್ಟು ಹೊತ್ತು ಬೇಡ. ಆಲೂಗಡ್ಡೆ, ಈರುಳ್ಳಿ, ನಾನು ನಿನಗೆ ಬರೆದ ನಾಚಿಕೆಗೇಡಿನ ಉತ್ತರಗಳು, ಎಲ್ಲವನ್ನೂ ಯಾರೋ ಓದಿದ್ದಾರೆ. ನನ್ನ ಹೆಸರು, ನಿನ್ನ ವಿಳಾಸ, ನಾವು ಹೇಗೆ ಮಾತಾಡುತ್ತೇವೆ, ಎಲ್ಲ ಅವರಿಗೆ ಗೊತ್ತು.

ಅದಕ್ಕೇ ಈ ಕಾಗದ. ಮುಂದಿನ ಬಂದರಿನಲ್ಲಿ ನಿನ್ನ ಕೈಗೇ ಕೊಡುತ್ತೇವೆ ಎಂದು ಹಡಗಿನ ಆಫೀಸಿನವರು ಮಾತು ಕೊಟ್ಟಿದ್ದಾರೆ. ಗುಬ್ಬಚ್ಚಿ ಮೇಡಂ ನಿನಗೆ ಹಣ ಕಳಿಸಿದ್ದಾಳೆ, ಇಲ್ಲಿ ಒತ್ತು ಎಂದು ಏನೇ ಬರಲಿ, ಎಷ್ಟೇ ಮುದ್ದಾಗಿರಲಿ, ಒತ್ತಬೇಡ. ಕಂಪನಿಯ ವಿಳಾಸ ನೀನೇ ಟೈಪ್ ಮಾಡಿ ಒಳಗೆ ಹೋಗಿ ನೋಡು. ಎರಡು ವರ್ಷ ಕೈ ಸುಟ್ಟುಕೊಂಡು ದುಡಿದದ್ದು ನಿನ್ನ ಖಾತೆಯಲ್ಲಿದೆ. ನೀನೂ ನನ್ನ ಹಾಗೇ ಓಡಿ ಬರುವವನು, ನನಗೆ ಗೊತ್ತು, ಅದೇ ನನ್ನ ಭಯ.

ಅತ್ತೆ ಆಶೀರ್ವಾದ ತಿಳಿಸಿದ್ದಾರೆ. "ಅವನಿಗೂ ಬುದ್ಧಿ ಕಮ್ಮಿ ಅಂತ ಬರಿ, ನೀನೊಬ್ಳೇ ಬೇಜಾರು ಮಾಡ್ಕೋಬೇಡ" ಅಂದರು. ಹಾಗೇ ಬರೆದಿದ್ದೇನೆ. ಗಾಯಕ್ಕೆ ಮುಲಾಮು ಹಚ್ಚು. ಲೆಕ್ಕವಿಲ್ಲದಷ್ಟು ಪ್ರೀತಿ.

ನಿನ್ನವಳೇ ಆದ
ಗುಬ್ಬಚ್ಚಿ (ಮೇಡಂ ಅನ್ನುವ ಯೋಗ್ಯತೆ ಸದ್ಯಕ್ಕಿಲ್ಲ)

ಮರೆತ ಮಾತು: ಲಕೋಟೆಗೆ ಅಂಟು ಹಚ್ಚುವಾಗ ಈಗಷ್ಟೇ ಒಂದು ಮೇಲ್ ಬಂತು. "ನಮಸ್ಕಾರ ಗುಬ್ಬಚ್ಚಿ ಮೇಡಂ" ಎಂದೇ ಇದೆ, ಕಳಿಸಿದ ವಿಳಾಸವೂ ಈ ಸಲ ಕಂಪನಿಯದರ ಹಾಗೇ ಕಾಣುತ್ತಿದೆ. ಒಂದು ಕಾಸು. ಟಿಪ್ಪಣಿಯಲ್ಲಿ ಅಡುಗೆ ಇಲ್ಲ. "ಕೈ ತುಂಬಾ ನೋಯ್ತಿದೆ, ನಿನ್ನ ಜೊತೆ ಮಾತಾಡಬೇಕು, ಇಲ್ಲಿ ಒತ್ತು" ಎಂದಿದೆ. ನಿನ್ನ ಗಾಯದ ವಿಷಯ ನನ್ನ ಮೇಲ್ ಓದಿದವರಿಗೂ ಗೊತ್ತು. ಖಾತೆಗೆ ಬೀಗ ಬಿದ್ದಿರುವುದರಿಂದ ಒಳಗೆ ಹೋಗಿ ನೋಡುವಂತೆಯೂ ಇಲ್ಲ. ಅತ್ತೆ ನನ್ನ ಎರಡೂ ಕೈ ತಮ್ಮ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು, ಇಷ್ಟು ಬರೆಯುತ್ತೇನೆ ಎಂದು ಒಂದನ್ನು ಬಿಡಿಸಿಕೊಂಡಿದ್ದೇನೆ. ಒತ್ತುವುದಿಲ್ಲ. ಅದು ನಿಜವಾಗಿ ನೀನೇ ಆಗಿದ್ದರೆ, ನೋವಿನಲ್ಲಿ ಕರೆದ ನಿನಗೆ ನಾನು ಉತ್ತರ ಕೊಡಲಿಲ್ಲ, ಕ್ಷಮಿಸು. ಬಂದರು ತಲುಪಿದ ಕೂಡಲೇ ಅತ್ತೆಯ ಹಳೇ ಮನೆ ಫೋನಿಗೆ ಕರೆ ಮಾಡು. ಬುಧವಾರ ಏನು ಅಡುಗೆ ಮಾಡಿದೆ ಅಂತ ಮೊದಲು ಹೇಳು, ಆಮೇಲೆ ಬೇರೆ ಮಾತು.