ಬೆಳಗಿನ ಬಸ್ಸಿಗೆ ಕೊಟ್ಟ ಪಾನಕ

ಕೊಳ್ಳೇಗಾಲ,
ಬುಧವಾರ ಮಧ್ಯಾಹ್ನ

ಅವ್ವಾ,

ಬೆಳಗಿನ ಬಸ್ಸಿನಲ್ಲಿ ಗೋಪಿನಾಥಂ ಊರಿಗೆ ಕಳಿಸಿದ ಬೇಲದ ಹಣ್ಣಿನ ಪಾನಕವನ್ನು ಯಾರೂ ಕುಡಿಯಬೇಡಿ. ನಿಮ್ಮ ಫೋನ್ ಸಿಗುತ್ತಿಲ್ಲ, ಅದಕ್ಕೇ ಈ ಕಾಗದವನ್ನು ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ.

ತಂಪಾಗಿರಲಿ ಎಂದು, ಮದುವೆಗೆ ನೀನು ಕೊಟ್ಟ ಹಿತ್ತಾಳೆ ಕೊಳಗದಲ್ಲೇ ಬೇಲದ ತಿರುಳು, ಬೆಲ್ಲ, ನಿಂಬೆರಸ, ಪುದೀನ ಕಲಸಿ ರಾತ್ರಿಯೆಲ್ಲ ಬಿಟ್ಟಿದ್ದೆ. ಬೆಳಗ್ಗೆ ನೋಡಿದರೆ ಹಸಿರಾಗಿತ್ತು. ಪುದೀನ ಚೆನ್ನಾಗಿ ಬಣ್ಣ ಬಿಟ್ಟಿದೆ ಎಂದುಕೊಂಡೆ. ಕೊಳಗದ ಒಳಗಿನ ಕಲಾಯಿ ಹೋಗಿ, ಹುಳಿಗೆ ಕಿಲುಬು ಎದ್ದಿತ್ತಂತೆ. ಡಾಕ್ಟರು ಹೇಳಿದ ಮೇಲೆ ಗೊತ್ತಾಯಿತು.

ಬಸ್ಸಿಗೆ ಬಾಟಲಿ ಕೊಟ್ಟು ಬಂದು ನಾನೂ ಅತ್ತೆಯೂ ಕುಡಿದೆವು. ನನಗೆ ವಾಂತಿ ಶುರುವಾದಾಗ ಅತ್ತೆ ಲೋಟ ಹಿಡಿದುಕೊಂಡೇ "ಏನವ್ವ, ಸಿಹಿಸುದ್ದೀನಾ?" ಎಂದು ನಕ್ಕರು. ಈಗ ಪಕ್ಕದ ಮಂಚದಲ್ಲಿದ್ದಾರೆ. ಇಬ್ಬರಿಗೂ ಡ್ರಿಪ್ ಹಾಕಿದ್ದಾರೆ, ಅಷ್ಟೇ. ನೀನು ಗಾಬರಿಯಾಗಬೇಡ. ನಮ್ಮನ್ನು ಬಿಟ್ಟು ಅಲ್ಲಿಗೆ ಬರಲು ನಿನ್ನ ಅಳಿಯನಿಗೆ ಆಗುತ್ತಿಲ್ಲ.

ನನಗೆ ಅಪ್ಪನದೇ ಭಯ. ಬಿಸಿಲಲ್ಲಿ ಬಲೆ ಎಳೆದು ಬಂದರೆ "ಲೋಟ ಯಾಕಮ್ಮಿ, ಇಂಗೇ ಕೊಡು" ಎಂದು ಬಾಟಲಿಯನ್ನೇ ಎತ್ತುವವನು.

ಬಾಟಲಿ ತುಂಬಿದ್ದರೆ ಬಾಟಲಿಯನ್ನು ಇದೇ ಬಸ್ಸಿಗೆ ವಾಪಸ್ ಕೊಡು. ಒಂದು ಗುಟುಕು ಕಡಿಮೆಯಾಗಿದ್ದರೂ ಅಪ್ಪನನ್ನು ಹತ್ತಿಸಿಕೊಂಡು ನೀನೂ ಬಾ. ನಿನ್ನ ಅಳಿಯ ರಾತ್ರಿ ಇಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿರುತ್ತಾನೆ.

ಅಪ್ಪನನ್ನು ನೋಡಿ ತುಂಬ ದಿನವಾಯಿತು. ಆದರೂ ಬಾಟಲಿಯೇ ಬರಲಿ ಅವ್ವಾ.

ನಿನ್ನ ಮಗಳು,
ಧನುಶ್ರೀ