ಗಾಳಿಯ ಬಾಣಕ್ಕೆ ಬಿಗಿದ ತಂತಿ

ತುರ್ತು ನಿಯಂತ್ರಣ ಕೊಠಡಿಯ ಮುಖ್ಯಸ್ಥರಿಗೆ,

ಮಾನ್ಯರೇ, ಕಳೆದ ತಿಂಗಳು ಐಸ್ ಕಾರ್ಖಾನೆಯಿಂದ ಅಮೋನಿಯಾ ಸೋರಿದಾಗ ಅದು ಕೆರೆಯ ಕಡೆಗೆ ಹೋಗುತ್ತದೆಂದು ನಿಮ್ಮ ಕಂಪ್ಯೂಟರ್ ನಕ್ಷೆ ಬರೆಯಿತು. ಅದು ನಮ್ಮ ಬೀದಿಗೆ ಬಂತು. ನಿಮ್ಮ ಸಂದೇಶ ಮಾತ್ರ ಮೊಬೈಲಿಗೆ ಬರುತ್ತಲೇ ಇತ್ತು: ‘ನಿಮ್ಮ ಬೀದಿ ಸುರಕ್ಷಿತ. ಯಾರೂ ಹೊರಡಬೇಡಿ.’ ಹೊರಡುವುದಾದರೂ ಹೇಗೆ? ಬೀದಿಯ ಎರಡೂ ತುದಿಗೆ ನಿಮ್ಮ ಅಡ್ಡಗಂಬಗಳಿದ್ದವು. ಹೀಗೆ ಸುರಕ್ಷಿತರಾದ ನಾವು ಮೂವರು, ನಾನು, ನನ್ನ ಅಕ್ಕ, ಓಡಿಬಂದು ನಮ್ಮಲ್ಲಿ ಸೇರಿಕೊಂಡ ಎದುರಿನ ನಿಮ್ಮ ಉಪಕಚೇರಿಯ ಜವಾನ, ಬಚ್ಚಲಿನ ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿ ಎರಡು ಗಂಟೆ ಕೂತಿದ್ದೆವು. ಅಕ್ಕನಿಗೆ ಮೊದಲೇ ದಮ್ಮು. ನಾನು ಸಂದೇಶ ಓದಿ ಹೇಳಿದಾಗ ಕೆಮ್ಮುತ್ತಲೇ ಕೇಳಿದಳು:

“ಅಲ್ವೋ, ಆ ಕಂಪ್ಯೂಟರಿಗೆ ಮೂಗಿಲ್ಲ, ಸರಿ. ಅಲ್ಲಿ ಕೂತಿರೋರಿಗೂ ಇಲ್ವೇನೋ?”

“ಅವರು ಊರಾಚೆ ಇದಾರಮ್ಮ,” ಎಂದ ಜವಾನ. “ನಮ್ಮ ಕಚೇರಿ ತಾರಸಿ ಮೇಲೆ ಗಾಳಿಗೆ ತಿರುಗೋ ಬಾಣ ಇದೆಯಲ್ಲ, ಅದು ತೋರಿಸಿದ್ದೇ ಅವರಿಗೆ ಗಾಳಿ. ಅದು ತಿರುಗದ ಹಾಗೆ ನಾನೇ ತಂತಿ ಬಿಗಿದಿದೀನಿ.”

“ಯಾಕಪ್ಪಾ?”

“ತಿರುಗಿದಾಗೆಲ್ಲ ಕಿರ್ರೋ ಅಂತಿತ್ತಲ್ಲ. ಎದುರು ಮನೆಯವರ್ಯಾರೋ ದೂರು ಬರೆದ್ರಂತೆ. ಎಣ್ಣೆ ತರಿಸ್ಬೇಕಂದ್ರೆ ಮೂರು ಸಹಿ. ತಂತಿ ಕೈಲೇ ಇತ್ತು.”

ಅಕ್ಕ ನನ್ನ ಮುಖ ನೋಡಿದಳು. ನಾನು ಟವೆಲ್ ಸರಿಮಾಡಿದೆ.

ದೂರು ನನ್ನದೇ. ಮನೆಯಲ್ಲೇ ಕೂತು ಪುಸ್ತಕಗಳ ಕರಡು ತಿದ್ದುವವನು ನಾನು. ಆ ಸದ್ದಿಗೆ ಸಾಲು ತಪ್ಪುತ್ತಿತ್ತು. ಒಂದೂ ತಪ್ಪಿಲ್ಲದ ಪತ್ರ ಬರೆದೆ. ನಾಲ್ಕೇ ದಿನದಲ್ಲಿ ಸದ್ದಡಗಿತು. ನಾನು ಬರೆದ ಪತ್ರಗಳಲ್ಲಿ ಇಲಾಖೆಯೊಂದು ಓದಿದ್ದು ಬಹುಶಃ ಅದೊಂದನ್ನೇ. ಗಾಳಿಯ ದಿಕ್ಕು ಒಂದಿಷ್ಟೂ ಬದಲಾಗದ ಇಷ್ಟು ದಿನಗಳಲ್ಲಿ ನಿಮ್ಮ ಕೊಠಡಿಯ ಒಬ್ಬರಿಗೂ ಸಂಶಯ ಬರಲಿಲ್ಲವೇ? ಅಥವಾ ನನಗೆ ಬೇಕಾಗಿದ್ದ ನಿಶ್ಶಬ್ದವೇ ನಿಮಗೂ ಹಿತವಾಗಿತ್ತೇ?

ಕಾರ್ಖಾನೆ ಸೋಮವಾರ ಮತ್ತೆ ಶುರುವಾಗಿದೆ. ಅಕ್ಕ ಒಳಕೋಣೆಯಲ್ಲಿ ಆಮ್ಲಜನಕದ ಸಿಲಿಂಡರಿನ ಪಕ್ಕ ಮಲಗಿದ್ದಾಳೆ. ನಾನು ಕಿಟಕಿಗೆ ಕೈಹಾಕಿದರೆ, “ಗಾಳಿ ಯಾವ ಕಡೆಗಿದೆಯೋ?” ಎನ್ನುತ್ತಾಳೆ. ನನ್ನ ಮೇಜಿನಿಂದ ಬಾಣ ಕಾಣುತ್ತದೆ. ಈ ಬೆಳಿಗ್ಗೆಯೂ ಅದು ಕೆರೆಯನ್ನೇ ತೋರಿಸುತ್ತಿದೆ, ತಂತಿ ಹೊಳೆಯುತ್ತಿದೆ. ಗಾಳಿ ಕೆರೆಯ ಕಡೆಗಿದೆ ಎಂದು ನಾನು ಸುಳ್ಳು ಹೇಳಲಾರೆ, ಹಾಗಾಗಿ ಕಿಟಕಿ ತೆರೆಯಲಾರೆ.

ಸದ್ದಿನ ಬಗ್ಗೆ ಬರೆದ ನನ್ನ ದೂರನ್ನು ಹಿಂತೆಗೆದುಕೊಂಡಿದ್ದೇನೆ. ಇಂದೇ ತಂತಿ ಕತ್ತರಿಸಿ. ಎಣ್ಣೆ ಬೇಡ, ಸಹಿ ಬೇಡ. ಅದು ಕಿರುಗುಟ್ಟುವುದನ್ನು ಅಕ್ಕ ತನ್ನ ಕಿವಿಯಾರೆ ಕೇಳಬೇಕಾಗಿದೆ.

ಇಂತಿ,
ನಿಮ್ಮ ನಕ್ಷೆಯ ಪ್ರಕಾರ ಇನ್ನೂ ಸುರಕ್ಷಿತನಾಗಿರುವ
ಎದುರು ಮನೆಯವನು