ಬಲೆ ಮುಟ್ಟದವನ ಪಾಲು

ಕುಮಟಾ, ಡಿಸೆಂಬರ್ ೧೯೭೯

ದುರ್ಗಮ್ಮತ್ತೆ,

ಈ ಕಾಗದ ಕಂಡ ಕೂಡಲೇ ನೀನು ಸೊಸೆ ಕಮಲಿಯ ಕೈಗೆ ಕೊಡುತ್ತೀಯ. ಅವಳು ಏಳನೆಯ ತರಗತಿ ಓದಿದವಳು, ಸಾಕು. ಆದರೆ ಮನೆಯೊಳಗೆ ಓದಿಸಬೇಡ. ಕಾಸರಕೋಡಿನ ಕಡಲ ದಂಡೆಯ ಹೊಯ್ಗೆಯ ಮೇಲೆ, ಮೀನು ಒಣಗಿಸುವ ಹೆಂಗಸರೆಲ್ಲ ಸೇರಿದಾಗ ಗಟ್ಟಿಯಾಗಿ ಓದಿಸು.

ಮೂರು ದಿನದಿಂದ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಚಾ ಕಾಸುತ್ತೇನೆ, ಕುಡಿಯದೆ ಚೆಲ್ಲುತ್ತೇನೆ.

ನೆನಪಿದೆಯಾ, ಊರೆಲ್ಲ ಸೇರಿ ದಡಕ್ಕೆ ರಂಪಣಿ ಬಲೆ ಎಳೆದವರಿಗೆಲ್ಲ ಮೀನಿನ ಪಾಲು ಹಾಕುವಾಗ, ಹಗ್ಗವನ್ನೇ ಮುಟ್ಟದ ನನಗೂ ಒಂದು ಪಾಲು ಇಡುತ್ತಿದ್ದಿರಿ. ಹೊನ್ನಾವರದ ಕಾಲೇಜಿಗೆ ನಾನು ಹೋದದ್ದು ಅದರಿಂದಲೇ. ಹಗ್ಗ ಎಳೆಯುವ ಪಾಂಡು ಗೊಣಗಿದಾಗ, "ಅಂವ ಓದೂದು ನಮ್ಮೆಲ್ಲರ ಸಲುವಾಗಿ ಮಾರಾಯಾ, ಅದೂ ಬಲೆ ಎಳದಾಂಗೇಯಾ" ಅಂದಿದ್ದೆ ನೀನು. ನಾನೋ ಆ ಮಾತು ಮರೆತು, ಪ್ರಜಾಪ್ರಭುತ್ವದಲ್ಲಿ ಪದವೀಧರನ ಹೊಣೆ ಏನು ಎಂಬ ಪ್ರಶ್ನೆಗೆ ಆರು ಪುಟ ಉತ್ತರ ಬರೆದು ಮೊದಲ ದರ್ಜೆ ಗಿಟ್ಟಿಸಿದೆ.

ಕಳೆದ ತಿಂಗಳು ನಾನು ಊರಿಗೆ ಬಂದಿದ್ದಾಗ, ನಿಮ್ಮ ಹೆಬ್ಬೆಟ್ಟು ಕೇಳಿ ಸರಕಾರದ ಆ ಇಂಗ್ಲಿಷ್ ಕಾಗದ ಬಂತು; ನೀವೆಲ್ಲ ನನ್ನ ಸುತ್ತ ಕೂತಿರಿ. ಮೊದಲ ಪುಟ ತಿಳಿಯಿತು: ಬಂದರಿಗೆ ಹೊಸ ರಸ್ತೆ. ಎರಡನೆಯ ಪುಟದ ಕಾನೂನಿನ ಮಾತು ಒಂದಿಷ್ಟೂ ತಲೆಗೆ ಹತ್ತಲಿಲ್ಲ. ತಿಳಿಯಲಿಲ್ಲ ಅನ್ನಲು ನಾಚಿಕೆಯಾಯಿತು ಅತ್ತೆ. ಬಿ.ಎ. ಆದವನಲ್ಲವೇ! "ಇನ್ನೊಂದು ಹಾಳೆಲಿ ಎಂತ ಬರದೀರು?" ಅಂತ ನೀನು ಕೇಳಿಯೂ ಕೇಳಿದೆ. "ಅದೂ ಇದೇಯಾ" ಅಂದುಬಿಟ್ಟೆ. "ಆತು, ನೀ ಹೇಳ್ದೆ ಅಂದ್ರೆ ಆತು" ಎಂದು ಮೊದಲ ಹೆಬ್ಬೆಟ್ಟು ನೀನೇ ಒತ್ತಿದೆ.

ಮನಸ್ಸು ಕೊರೆದು, ಈ ವಾರ ಇಲ್ಲಿಯ ವಕೀಲರಾದ ಅನಂತಮೂರ್ತಿಯವರಿಗೆ ಅದರ ಪ್ರತಿ ತೋರಿಸಿದೆ. ಮೀನು ಒಣಗಿಸುವ ಹೊಯ್ಗೆಯನ್ನು ಗೋದಾಮಿಗೆ ಬಿಟ್ಟುಕೊಡಲು ನಿಮ್ಮೆಲ್ಲರ ಒಪ್ಪಿಗೆ ಇದೆ ಎಂದು ಆ ಎರಡನೆಯ ಪುಟದಲ್ಲಿದೆ. ತಕರಾರು ಹೇಳಲು ಸೋಮವಾರವೇ ಕೊನೆ. ಅಂದು ಇಲ್ಲಿಯ ಸರಕಾರಿ ಕಚೇರಿಯಲ್ಲಿ ನಿಂತು, ಓದಲು ಬಾರದವರು ಅವರಲ್ಲ, ನಾನು ಎಂದು ಹೇಳುತ್ತೇನೆ. ಆದರೆ ನನ್ನೊಬ್ಬನ ಮಾತು ಸಾಲದು. ಹೆಬ್ಬೆಟ್ಟು ಒತ್ತಿದವರೆಲ್ಲ ಬೆಳಗಿನ ಬಸ್ಸಿಗೆ ಕುಮಟೆಗೆ ಬನ್ನಿ. ಬೈಯಬೇಕಿದ್ದರೆ ಅಲ್ಲೇ, ಎಲ್ಲರೆದುರಿಗೇ ಬೈಯಿರಿ.

ಕಮಲಿ, ಗೊತ್ತಾಗದ ಮಾತು ಬಂದರೆ ಗೊತ್ತಾಗಲಿಲ್ಲ ಅನ್ನು. ಒಂದು ಸಾಲೂ ಬಿಡಬೇಡ. ನನ್ನ ತಪ್ಪಿನ ಸಾಲನ್ನಂತೂ ಎರಡು ಸಲ ಓದು.

ನಿಮ್ಮ ಹೊಯ್ಗೆ ನಿಮಗೇ ಉಳಿಯಲಿ.

ನಿಮ್ಮ ಪಾಲು ಉಂಡವನು,
ದೇವು